ದಿನಾ ಓಡುವ ಸ್ಕೈಲೈನ್: ಆರ್33 ಜಿಟಿಎಸ್-ಟಿ ಕಾರೊಂದರ ಪ್ರಕರಣ ಅಧ್ಯಯನ

ಕಾರು 1996ರ ನಿಸ್ಸಾನ್ ಸ್ಕೈಲೈನ್ ಆರ್33 ಜಿಟಿಎಸ್-ಟಿ ಟೈಪ್ ಎಂ, ಸೀರೀಸ್ 2. ಐದು ಗೇರಿನ ಮ್ಯಾನ್ಯುಯಲ್, ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ. ಬಾನೆಟ್ ಕೆಳಗಿರುವುದು ಆರ್‌ಬಿ25ಡಿಇಟಿ: ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 2,498 ಸಿಸಿ, ಒಂದು ಟರ್ಬೊ, ಕಂಪನಿ ಕೊಟ್ಟ ಲೆಕ್ಕ 250 ಪಿಎಸ್. ಜಪಾನಿನ ಹರಾಜಿನಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಈ ಕಾರನ್ನು ನ್ಯೂಬರಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಓಡಿಸುತ್ತಾರೆ. ವಾರಕ್ಕೆ ಐದು ದಿನ ರೆಡಿಂಗ್‌ನ ಕಚೇರಿಗೆ, ಹೋಗಿ ಬರಲು ಸುಮಾರು 35 ಮೈಲಿ. ಮುಕ್ಕಾಲು ಪಾಲು ಎಂ4 ಮೋಟರ್‌ವೇ, ಉಳಿದದ್ದು ಊರೊಳಗಿನ ಹಂಪು, ಸಿಗ್ನಲ್ಲು, ಗುಂಡಿ. ಮನೆಯಲ್ಲಿ ಬೇರೆ ಕಾರಿಲ್ಲ. ಇದು ಕೆಟ್ಟು ನಿಂತರೆ ಅಂದು ಕಚೇರಿಗೆ ರೈಲೇ ಗತಿ.

ಬೆಂಗಳೂರಿನಲ್ಲಿ ಇದೇ ಪ್ರಯೋಗಕ್ಕೆ ದಾರಿಯಿಲ್ಲ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಭಾರತಕ್ಕೆ ತರಲು ಸಾಮಾನ್ಯ ನಿಯಮ ಬಿಡುವುದಿಲ್ಲ. ತಂದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಬ್ರಿಟನ್ನಿನಲ್ಲಿ ಎರಡಕ್ಕೂ ಅವಕಾಶವಿದೆ. ರಸ್ತೆಯ ಎಡಬದಿ ಸಂಚಾರ, ಬಲಗಡೆ ಸ್ಟಿಯರಿಂಗ್, ಹೆಡ್‌ಲೈಟಿನ ಬೆಳಕು ಬೀಳುವ ರೀತಿ ಎಲ್ಲ ಜಪಾನಿನಂತೆಯೇ ಇರುವುದು ದೊಡ್ಡ ಅನುಕೂಲ.

ಮಾಲೀಕರು ಗ್ಯಾರೇಜಿಗೆ ಬಂದದ್ದು ಒಂದೇ ಬೇಡಿಕೆ ಹೊತ್ತು: ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಏರಿಸಿ ಪವರ್ ಹೆಚ್ಚಿಸಬೇಕು. ಜೊತೆಗೊಂದು ದೂರೂ ಇತ್ತು. ಆಕ್ಸಿಲರೇಟರ್ ಪೂರ್ತಿ ತುಳಿದರೆ ಕಾರು ಜರ್ಕ್ ಹೊಡೆಯುತ್ತಿತ್ತು. ದಿನಬಳಕೆಯ ಹಳೆಯ ಟರ್ಬೊ ಕಾರಿನಲ್ಲಿ ಕೆಲಸದ ಸಾಲು ತಪ್ಪಿದರೆ ಹಾಕಿದ ಹಣ ನೀರಿಗೆ ಬೀಳುತ್ತದೆ. ಮೊದಲು ತುಕ್ಕು ಮತ್ತು ವಯಸ್ಸಿನ ರಿಪೇರಿ, ಆಮೇಲೆ ಅಳತೆಯ ಮೀಟರುಗಳು, ಆಮೇಲೆ ಕೂಲಿಂಗ್ ಮತ್ತು ಇಂಧನ, ಕೊನೆಗೆ ಬೂಸ್ಟ್. ಈ ಕಾರಿನ ಹಿಂದಿನ ಮಾಲೀಕರು ಕೊನೆಯದನ್ನು ಮೊದಲು ಮಾಡಿದ್ದರು.

ಕೊಳ್ಳುವಾಗ, ಕಾಗದಪತ್ರದಲ್ಲಿ

ಹರಾಜಿನ ಹಾಳೆಯಲ್ಲಿ ದರ್ಜೆ 3.5 ಎಂದಿತ್ತು. ಬಳಸಿ ಹಳತಾಗಿದ್ದರೂ ಗಟ್ಟಿಯಾಗಿರುವ ಕಾರಿಗೆ ಕೊಡುವ ದರ್ಜೆ ಅದು. ದರ್ಜೆಗಿಂತ ಮುಖ್ಯವಾದದ್ದು ಹಾಳೆಯಲ್ಲಿರುವ ಕಾರಿನ ಚಿತ್ರ ಮತ್ತು ಅದರ ಮೇಲೆ ಬರೆದ ಅಕ್ಷರಗಳು. ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯು ಎಂದರೆ ಟಿಂಕರಿಂಗ್ ಮಾಡಿ ಬಣ್ಣ ಬಳಿದ ಗುರುತು, ಎಸ್ ಎಂದರೆ ತುಕ್ಕು, ಸಿ ಎಂದರೆ ತಿಂದುಹೋದ ಲೋಹ. ಈ ಕಾರಿನ ಹಿಂದಿನ ಮಡ್‌ಗಾರ್ಡ್ ಅಂಚಿನಲ್ಲಿ ಎಸ್ ಇತ್ತು. ದರ್ಜೆಯ ಜಾಗದಲ್ಲಿ ಆರ್ ಅಥವಾ ಆರ್‌ಎ ಎಂದಿದ್ದರೆ ಅದು ಅಪಘಾತದ ರಿಪೇರಿ ಕಂಡ ಕಾರು. ದಿನಾ ಓಡಿಸುವವರು ಅದನ್ನು ಬಿಟ್ಟುಬಿಡುವುದೇ ಸರಿ.

ಖರ್ಚಿನ ಲೆಕ್ಕ ಹಾಕುವಾಗ ಹೆಚ್ಚಿನವರು ವ್ಯಾಟ್ ವಿಷಯದಲ್ಲಿ ತಪ್ಪುತ್ತಾರೆ. ಕಾರಿನ ಬೆಲೆ ಮತ್ತು ಹಡಗಿನ ಬಾಡಿಗೆ ಸೇರಿ 12,000 ಪೌಂಡ್ ಆಯಿತೆನ್ನಿ. 10% ಸುಂಕ ಬಿದ್ದರೆ 1,200. ವ್ಯಾಟ್ 20%, ಆದರೆ ಅದನ್ನು ಹಾಕುವುದು ಸುಂಕವೂ ಸೇರಿದ 13,200ರ ಮೇಲೆ, ಅಂದರೆ 2,640. ಅಲ್ಲಿಗೆ ಒಟ್ಟು 15,840. ಬಂದರಿನ ಶುಲ್ಕ, ಅಲ್ಲಿಂದ ಮನೆಗೆ ತರುವ ಖರ್ಚು ಇದರಾಚೆ.

ಕಾರು ಬಂದ 14 ದಿನದೊಳಗೆ ತೆರಿಗೆ ಇಲಾಖೆಯ ನೋವಾ ವ್ಯವಸ್ಥೆಯಲ್ಲಿ ತಿಳಿಸಬೇಕು. ಹತ್ತು ವರ್ಷ ದಾಟಿದ ಕಾರಾದ್ದರಿಂದ ಒಂದೊಂದೇ ಕಾರನ್ನು ಪರಿಶೀಲಿಸಿ ಒಪ್ಪುವ ಐವಿಎ ತಪಾಸಣೆ ಬೇಕಾಗಲಿಲ್ಲ, ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ಪರೀಕ್ಷೆ ಸಾಕಾಯಿತು. ನೋಂದಣಿಯ ವಿ55/5 ಅರ್ಜಿ, ಜಪಾನಿನ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮತ್ತು ಅದರ ಅನುವಾದ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಹೋದವು. ಎಂಒಟಿಗೆ ಮುಂಚೆ ಎರಡು ಬದಲಾವಣೆ ಬೇಕಿತ್ತು. ಒಂದು, ಹಿಂಬದಿಯಲ್ಲಿ ಮಧ್ಯಕ್ಕೋ ಬಲಕ್ಕೋ ಒಂದು ಕೆಂಪು ಫಾಗ್ ಲೈಟ್, ಅದು ಉರಿಯುತ್ತಿದೆ ಎಂದು ಒಳಗೆ ತೋರಿಸುವ ಚಿಕ್ಕ ದೀಪದೊಂದಿಗೆ. ಇನ್ನೊಂದು, ಮೈಲಿ ತೋರಿಸುವ ಸ್ಪೀಡೋಮೀಟರ್. ಮೀಟರಿನ ಹಿಂದೆ ಸಿಗ್ನಲ್ ಬದಲಿಸುವ ಚಿಕ್ಕ ಬೋರ್ಡ್ ಮತ್ತು ಹೊಸ ಡಯಲ್ ಹಾಕಿದರೆ ಸ್ಪೀಡೋ ಜೊತೆಗೆ ಓಡೋಮೀಟರೂ ಅಂದಿನಿಂದ ಮೈಲಿ ಎಣಿಸುತ್ತದೆ. ಬದಲಿಸಿದ ತಾರೀಕು ಮತ್ತು ಆಗ ಇದ್ದ ಕಿಲೋಮೀಟರನ್ನು ಬರೆದು ಬಾಗಿಲ ಚೌಕಟ್ಟಿಗೆ ಅಂಟಿಸಿಡಬೇಕು, ಇಲ್ಲವಾದರೆ ಮುಂದೆ ಮಾರುವಾಗ ಲೆಕ್ಕ ತಾಳೆಯಾಗುವುದಿಲ್ಲ. ರೇಡಿಯೋವನ್ನೂ ಬದಲಿಸಿದ್ದಾಯಿತು: ಆ ಕಾಲದ ಜಪಾನಿ ಸೆಟ್ಟು 76ರಿಂದ 90 ಮೆಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಬ್ರಿಟನ್ನಿನ ಸ್ಟೇಷನ್ನುಗಳಿರುವುದು 87.5ರಿಂದ 108ರವರೆಗೆ.

ಮೊದಲ ಚಳಿಗಾಲಕ್ಕೆ ಮುನ್ನ: ತುಕ್ಕು

ಜಪಾನಿನ ಬೆಚ್ಚನೆಯ ಭಾಗಗಳಲ್ಲಿ ರಸ್ತೆಗೆ ಉಪ್ಪು ಹಾಕುವುದು ಕಡಿಮೆ, ಆದ್ದರಿಂದ ಅಲ್ಲಿನ ಮಾರುಕಟ್ಟೆಯ ಕಾರುಗಳಿಗೆ ಅಡಿಭಾಗದ ಲೇಪನವೂ ತೆಳು. ಅಂಥ ಕಾರನ್ನು ಹಾಗೇ ಇಂಗ್ಲೆಂಡಿನ ಉಪ್ಪಿನ ರಸ್ತೆಗೆ ಇಳಿಸಿದರೆ ಮೂರು ನಾಲ್ಕು ಚಳಿಗಾಲದಲ್ಲಿ ತೂತು ಬೀಳುತ್ತದೆ. ಆರ್33ರಲ್ಲಿ ಮೊದಲು ನೋಡಬೇಕಾದದ್ದು ಹಿಂದಿನ ಸ್ಟ್ರಟ್ ಟವರ್, ಅಂದರೆ ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಜಾಗ. ಡಿಕ್ಕಿಯ ಒಳಗಿನ ಹೊದಿಕೆ ತೆಗೆದು ಟಾರ್ಚ್ ಹಿಡಿದು ನೋಡಬೇಕು. ಎರಡು ತಗಡು ಕೂಡುವ ಅಂಚಿನಲ್ಲಿ ಸೀಲರ್ ಉಬ್ಬಿದ್ದರೆ ಕೆಳಗೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಆಮೇಲೆ ಜಾಕ್ ಇಡುವ ಜಾಗಗಳು, ಬಾಗಿಲ ಕೆಳಗಿನ ಸಿಲ್ಲುಗಳು, ಮುಂದಿನ ಚಾಸಿ ರೈಲುಗಳು, ಹಿಂದಿನ ಮಡ್‌ಗಾರ್ಡಿನ ಒಳ ಅಂಚು.

ಈ ಕಾರಿನಲ್ಲಿ ಎಡಗಡೆ ಟವರಿನ ಸೀಲರ್ ಬೆರಳಿನಷ್ಟು ಉದ್ದಕ್ಕೆ ಎದ್ದಿತ್ತು. ಚೂಪಾದ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಒಳಗೆ ಹೋಗಲಿಲ್ಲ. ಮೇಲಿನ ಪದರ ಮಾತ್ರ ಕಂದು ಪುಡಿಯಾಗಿ ಉದುರಿತು, ಅಂದರೆ ಸಮಯಕ್ಕೆ ಸರಿಯಾಗಿ ಸಿಕ್ಕಿತ್ತು. ಹಳೆ ಸೀಲರ್ ಪೂರ್ತಿ ಕೆರೆದು, ವೈರ್ ಬ್ರಷ್ಷಿನಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಸತುವಿನ ಪ್ರೈಮರ್, ಮೇಲೆ ಸೀಮ್ ಸೀಲರ್, ಅದರ ಮೇಲೆ ಬಣ್ಣ. ಅಡಿಭಾಗವನ್ನು ಹಬೆಯಿಂದ ತೊಳೆದು ಎರಡು ದಿನ ಒಳಗೆ ನಿಲ್ಲಿಸಿ ಒಣಗಿಸಲಾಯಿತು. ಈ ಒಣಗಿಸುವ ಹಂತವನ್ನು ಅವಸರಕ್ಕೆ ಬಿಡುವವರೇ ಹೆಚ್ಚು, ಆದರೆ ಒದ್ದೆಯ ಮೇಲೆ ಹಾಕಿದ ಮೇಣ ನೀರನ್ನು ಒಳಗೇ ಹಿಡಿದಿಡುತ್ತದೆ. ಸಿಲ್ಲು ಮತ್ತು ರೈಲುಗಳ ಒಳಕ್ಕೆ ಉದ್ದ ಕೊಳವೆಯಿಂದ ಬಿಲ್ಟ್ ಹ್ಯಾಂಬರ್ ಡೈನ್ಯಾಕ್ಸ್ ಎಸ್-50 ಮೇಣ, ಹೊರಗೆ ಮೇಣದ ಲೇಪನ. ರಬ್ಬರಿನಂಥ ದಪ್ಪ ಕಪ್ಪು ಅಂಡರ್‌ಸೀಲ್ ಬೇಡ. ಅದು ಬಿರುಕು ಬಿಟ್ಟ ಮೇಲೂ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ತುಕ್ಕು ಅದರ ಹಿಂದೆ ಬೆಳೆಯುತ್ತದೆ.

ಹಿಂಬದಿಯ ಉಕ್ಕಿನ ಬ್ರೇಕ್ ಪೈಪುಗಳೂ ತುಕ್ಕು ಹಿಡಿದಿದ್ದವು, ತಾಮ್ರ-ನಿಕಲ್ ಪೈಪು ಹಾಕಲಾಯಿತು.

ವಯಸ್ಸಿನ ರಿಪೇರಿ

ಟೈಮಿಂಗ್ ಬೆಲ್ಟಿನ ಗಡುವು 1,00,000 ಕಿಮೀ. ಓಡೋಮೀಟರಿನಲ್ಲಿ 96,000 ಇತ್ತು, ಆದರೆ ಬೆಲ್ಟ್ ಬದಲಿಸಿದ್ದಕ್ಕೆ ಪುರಾವೆ ಇರಲಿಲ್ಲ. ಪುರಾವೆ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಹಿಡಿಯಬೇಕು. ಬೆಲ್ಟು, ಟೆನ್ಷನರ್, ಐಡ್ಲರ್, ಟೆನ್ಷನರಿನ ಸ್ಟಡ್ಡು, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಸೀಲುಗಳು, ವಾಟರ್ ಪಂಪ್, ಥರ್ಮೋಸ್ಟ್ಯಾಟ್ ಎಲ್ಲವನ್ನೂ ಒಂದೇ ಸಲಕ್ಕೆ ಹಾಕಬೇಕು. ಸ್ಟಡ್ಡಿಗೆ ಹೆಚ್ಚು ಹಣವಾಗುವುದಿಲ್ಲ, ಆದರೆ ಹಳೆಯದು ಮುರಿದರೆ ಬೆಲ್ಟು ಜಾರಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟ್ ಕೂರಿಸಿದ ಮೇಲೆ ಸ್ಟಾರ್ಟರ್ ಮುಟ್ಟದೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು.

ವಾಟರ್ ಪಂಪಿನ ವಿಷಯದಲ್ಲಿ ಮಾಲೀಕರಿಗೆ ರೇಸಿಂಗ್‌ಗೆಂದು ಮಾಡಿದ ಎನ್1 ಪಂಪ್ ಮೇಲೆ ಮನಸ್ಸಿತ್ತು. ಅದರ ರೆಕ್ಕೆಗಳು ಕಡಿಮೆ. ಎಂಜಿನ್ ಸದಾ ಮೇಲಿನ ಆರ್‌ಪಿಎಮ್‌ನಲ್ಲಿ ಓಡುವ ಟ್ರ್ಯಾಕಿಗೆ ಅದು ಸರಿ. ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಸಾಮಾನ್ಯ ಪಂಪೇ ಹೆಚ್ಚು ನೀರು ಹರಿಸುತ್ತದೆ. ಕಡಿಮೆ ಉಷ್ಣತೆಗೆ ತೆರೆಯುವ ಥರ್ಮೋಸ್ಟ್ಯಾಟೂ ಅಷ್ಟೇ. ಇಂಗ್ಲೆಂಡಿನ ಜನವರಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಿರುತ್ತದೆ, ಆಯಿಲ್ ಒಳಗೆ ತೇವ ಉಳಿಯುತ್ತದೆ. ಎರಡನ್ನೂ ಕಂಪನಿ ಭಾಗದಲ್ಲೇ ಉಳಿಸಲಾಯಿತು.

ಕಂಪ್ರೆಷನ್ ಪರೀಕ್ಷೆಯಲ್ಲಿ ಆರೂ ಸಿಲಿಂಡರ್ 155 ಮತ್ತು 162 ಪಿಎಸ್‌ಐ ನಡುವೆ ಬಂದವು. ನೋಡಬೇಕಾದದ್ದು ಅಂಕಿಗಿಂತ ಅಂತರ: ಅತಿ ಹೆಚ್ಚಿಗೂ ಅತಿ ಕಡಿಮೆಗೂ 10%ಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದಿತ್ತು.

ಜರ್ಕಿನ ಮೂಲ ಹುಡುಕಿದ್ದು

ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ಹೆಚ್ಚು ಕಲಿಸುವುದೂ ಇದೇ. ಮಾಲೀಕರು ಹೇಳಿದ್ದು ಒಂದು ಜರ್ಕ್, ಕಾರಿನಲ್ಲಿ ಇದ್ದದ್ದು ಎರಡು ಬೇರೆ ತೊಂದರೆ. ಎರಡೂ ಪೂರ್ತಿ ತುಳಿದಾಗಲೇ ಬರುತ್ತಿದ್ದರಿಂದ ಒಂದೇ ಎನಿಸುತ್ತಿತ್ತು. ಹಿಂದೆ ನೋಡಿದವರು ಪೆಟ್ರೋಲ್ ಫಿಲ್ಟರ್, ಪಂಪ್ ಎಂದು ಭಾಗಗಳನ್ನು ಬದಲಿಸುತ್ತ ಹೋಗಿದ್ದರು.

ಮೊದಲು ಮಾಡಿದ್ದು ಅಳೆಯುವ ವ್ಯವಸ್ಥೆ. ಟರ್ಬೊದಿಂದ ಅರ್ಧ ಮೀಟರಿನಷ್ಟು ಕೆಳಗೆ, ಡೌನ್‌ಪೈಪಿನ ಮೇಲ್ಭಾಗಕ್ಕೆ ಓರೆಯಾಗಿ ಬೆಸುಗೆ ಹಾಕಿ, ಗಾಳಿ-ಇಂಧನ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಲಾಯಿತು; ಅಂಕಿ ಏರಿದರೆ ಪೆಟ್ರೋಲ್ ಕಡಿಮೆ, ಇಳಿದರೆ ಹೆಚ್ಚು. ಪೈಪಿನ ತಳಭಾಗಕ್ಕೆ ಹಾಕಿದರೆ ತಣ್ಣನೆಯ ಸ್ಟಾರ್ಟಿನಲ್ಲಿ ಪೈಪಿನ ನೀರು ಸೆನ್ಸರ್ ಮೇಲೆ ನಿಂತು ಅದು ಒಡೆಯುತ್ತದೆ. ಜೊತೆಗೆ ಬೂಸ್ಟ್ ಮೀಟರ್. ನಂತರ ಮೂರನೇ ಗೇರಿನಲ್ಲಿ 2,500ರಿಂದ 6,000 ಆರ್‌ಪಿಎಮ್‌ವರೆಗೆ ರೋಲರ್ ಮೇಲೆ, ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರದ ಮೇಲೆ, ಓಡಿಸಿ ದಾಖಲೆ ತೆಗೆದರು.

ಬೂಸ್ಟ್ 0.5 ಬಾರ್ ಇದ್ದಾಗ 3,800ರ ಸುಮಾರಿಗೆ ಟಪ್ ಟಪ್ ಎಂದು ಚುರುಕಾದ ಏಟು, ಆ ಕ್ಷಣದಲ್ಲಿ ಮೀಟರ್ 12ರಿಂದ 15ರ ಮೇಲಕ್ಕೆ ಜಿಗಿಯಿತು. ಬೂಸ್ಟ್ 0.8ಕ್ಕೆ ಏರಿಸಿದಾಗ 4,500ರ ನಂತರ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಮೆತ್ತಗಿನ ತಡೆ, ಸೈಲೆನ್ಸರಿನಿಂದ ಕಪ್ಪು ಹೊಗೆ, ಮೀಟರ್ 10.5ಕ್ಕಿಂತ ಕೆಳಗೆ. ಇಲ್ಲಿ ತೊಂದರೆಗಳು ಬೇರೆಯಾದವು.

ಮೊದಲನೆಯದು ಮಿಸ್ಸಿಂಗ್. ಕಿಡಿ ಹತ್ತದ ಸಿಲಿಂಡರಿನಿಂದ ಉರಿಯದ ಆಮ್ಲಜನಕ ಹಾಗೇ ಹೊರಬರುತ್ತದೆ, ವೈಡ್‌ಬ್ಯಾಂಡ್ ಅಳೆಯುವುದು ಆ ಆಮ್ಲಜನಕವನ್ನೇ. ಪೆಟ್ರೋಲ್ ಎಷ್ಟೇ ಬಿದ್ದಿರಲಿ, ಮೀಟರ್ ಮಾತ್ರ ಪೆಟ್ರೋಲ್ ಕಡಿಮೆ ಎನ್ನುತ್ತದೆ. ಇದನ್ನು ತಪ್ಪಾಗಿ ಓದಿ ಪೆಟ್ರೋಲ್ ಪಂಪ್ ಬದಲಿಸುವವರು ಬಹಳ.

ಆರ್‌ಬಿ25ರಲ್ಲಿ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ, ಪ್ರತಿ ಪ್ಲಗ್ಗಿನ ಮೇಲೆ ಒಂದರಂತೆ ಆರು ಕಾಯಿಲ್ ಪ್ಯಾಕುಗಳು ಎರಡು ಕ್ಯಾಮ್ ಕವರುಗಳ ನಡುವೆ, ಮೇಲೊಂದು ಮುಚ್ಚಳದಡಿ, ಸದಾ ಬಿಸಿಯಲ್ಲಿ ಬೇಯುತ್ತಿರುತ್ತವೆ. ಇಪ್ಪತ್ತು ವರ್ಷದ ಬಿಸಿಗೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮುಚ್ಚಳ ತೆಗೆದು ಕತ್ತಲಲ್ಲಿ ಎಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಕಿದಾಗ ಮೂರನೇ ಕಾಯಿಲಿನ ಬುಡದಿಂದ ಹೆಡ್ಡಿಗೆ ನೀಲಿ ಎಳೆಯೊಂದು ಹಾರಿತು. ಬಿಚ್ಚಿ ಬೆಳಕಿಗೆ ಹಿಡಿದರೆ ಕೂದಲಷ್ಟು ಸಣ್ಣ ಬಿರುಕು, ಅದರಗುಂಟ ಸೀಮೆಸುಣ್ಣದಲ್ಲಿ ಗೀಚಿದಂಥ ಬಿಳಿ ಗೆರೆ. ಐದನೆಯದರಲ್ಲೂ ಅಂಥದೇ ಗೆರೆ. ಪ್ಲಗ್ಗುಗಳ ಗ್ಯಾಪ್ ಅಳೆದರೆ 1.1 ಮಿಮೀ ಇರಬೇಕಾದದ್ದು ಸವೆದು 1.25 ಆಗಿತ್ತು.

ಬೂಸ್ಟ್ ಏರಿದಷ್ಟೂ ಸಿಲಿಂಡರಿನ ಒಳಗಿನ ಗಾಳಿ ದಟ್ಟವಾಗುತ್ತದೆ, ಅದೇ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಒಂದು ಹಂತದಲ್ಲಿ ಪ್ಲಗ್ಗಿಗಿಂತ ಬಿರುಕಿನ ದಾರಿಯೇ ಅದಕ್ಕೆ ಸುಲಭವಾಗುತ್ತದೆ. ಮೆಲ್ಲಗೆ ಓಡಿಸುವಾಗ ಏನೂ ಕಾಣದೆ ಪೂರ್ತಿ ತುಳಿದಾಗ ಮಾತ್ರ ತೊಂದರೆ ಬರುವುದು, ಮಳೆಗಾಲದ ಬೆಳಿಗ್ಗೆ ಹೆಚ್ಚಾಗುವುದು ಇದಕ್ಕೇ. ಆರೂ ಕಾಯಿಲ್ ಹೊಸದು ಹಾಕಲಾಯಿತು, ಎಲ್ಲಕ್ಕೂ ಒಂದೇ ವಯಸ್ಸು, ಒಂದೇ ಬಿಸಿ. ಸೀರೀಸ್ 1ರಲ್ಲಿ ಇಗ್ನೈಟರ್ ಬೇರೆ ಇರುತ್ತದೆ, ಸೀರೀಸ್ 2ರಲ್ಲಿ ಕಾಯಿಲ್ ಒಳಗೇ ಇರುತ್ತದೆ. ತರಿಸುವಾಗ ಇದನ್ನು ನೋಡದಿದ್ದರೆ ಕನೆಕ್ಟರೇ ಕೂರುವುದಿಲ್ಲ. ಕಾಯಿಲ್ ವೈರಿಂಗಿನ ಕ್ಲಿಪ್ಪುಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದರಿಂದ ಆ ವೈರಿಂಗೂ ಹೊಸದಾಯಿತು. ಪ್ಲಗ್ಗು ಎನ್‌ಜಿಕೆ ಬಿಸಿಪಿಆರ್6ಇಎಸ್, ಗ್ಯಾಪ್ 0.8 ಮಿಮೀ, ತಣ್ಣಗಿನ ಎಂಜಿನ್ನಿನಲ್ಲಿ ಸುಮಾರು 25 ನ್ಯೂಟನ್ ಮೀಟರ್ ಬಿಗಿ. ಬಿರುಕಿಗೆ ಟೇಪು ಸುತ್ತುವುದು, ಸಿಲಿಕಾನ್ ಹಚ್ಚುವುದು ಮನೆ ತಲುಪಿಸಬಹುದು; ಆಮೇಲೂ ಅದನ್ನೇ ನಂಬಿ ಓಡಿಸಬಾರದು.

ಎರಡನೆಯ ತೊಂದರೆ ಕಂಪನಿಯ ಇಸಿಯು ಮಾಡುವ ಆತ್ಮರಕ್ಷಣೆ. ತನ್ನ ಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು ಗಾಳಿ ಬಂದದ್ದನ್ನು ಏರ್ ಫ್ಲೋ ಮೀಟರ್ ಹೇಳಿದರೆ ಇಸಿಯು ಪೆಟ್ರೋಲ್ ಹೆಚ್ಚಿಸಿ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಹಿಂದಿನ ಮಾಲೀಕರು ವ್ಯಾಕ್ಯೂಮ್ ಪೈಪಿಗೊಂದು ಅಗ್ಗದ ಬ್ಲೀಡ್ ವಾಲ್ವ್ ಸೇರಿಸಿ ಬೂಸ್ಟ್ 0.8ಕ್ಕೆ ಒಯ್ದಿದ್ದರು. ಭಾಗ ಯಾವುದೂ ಕೆಟ್ಟಿರಲಿಲ್ಲ, ಇಸಿಯು ತನ್ನ ಕೆಲಸ ಮಾಡುತ್ತಿತ್ತು ಅಷ್ಟೆ. ಬ್ಲೀಡ್ ವಾಲ್ವ್ ಕಿತ್ತು ಕಂಪನಿ ಬೂಸ್ಟಿಗೆ ಇಳಿಸಿದ ಕೂಡಲೇ ಆ ತಡೆ ಹೋಯಿತು.

ಅವರೇ ಹಾಕಿದ್ದ, ಗಾಳಿಯನ್ನು ಹೊರಗೆ ಬಿಟ್ಟು ಸದ್ದು ಮಾಡುವ ಬ್ಲೋ-ಆಫ್ ವಾಲ್ವನ್ನೂ ತೆಗೆಯಲಾಯಿತು. ಫ್ಲೋ ಮೀಟರ್ ಎಣಿಸಿ ಒಳಗೆ ಬಿಟ್ಟ ಗಾಳಿ ಅದು. ಗೇರ್ ಬದಲಿಸುವಾಗ ಹೊರಗೆ ಹೋದರೂ ಇಸಿಯು ಅದಕ್ಕೆಂದು ಪೆಟ್ರೋಲ್ ಹಾಕಿರುತ್ತದೆ. ಸಿಗ್ನಲ್ಲಿಗೆ ಬಂದು ಕ್ಲಚ್ ತುಳಿದಾಗ ಈ ಕಾರಿನ ಎಂಜಿನ್ ಆಫ್ ಆಗುತ್ತಿದ್ದದ್ದಕ್ಕೂ ಅರ್ಧ ಕಾರಣ ಇದೇ. ಉಳಿದರ್ಧ ಫ್ಲೋ ಮೀಟರಿನೊಳಗೆ ಸಿಕ್ಕಿತು: ಮುಚ್ಚಳ ತೆರೆದು ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಸುತ್ತ ಸಾಲ್ಡರ್ ಉಂಗುರದಂತೆ ಬಿರಿದಿತ್ತು. ಮೂರೂ ಪಿನ್ನಿಗೆ ಹೊಸದಾಗಿ ಸಾಲ್ಡರ್ ಹಾಕಿ, ಒಳಗಿನ ತಂತಿಯನ್ನು ಅದಕ್ಕೆಂದೇ ಇರುವ ಕ್ಲೀನರಿನಿಂದ ತೊಳೆದು ಕೂರಿಸಲಾಯಿತು.

ಕೊನೆಗೆ ಗಾಳಿ ಸೋರಿಕೆ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು 0.5 ಬಾರ್ ಗಾಳಿ ಹಾಯಿಸಿ ಪೈಪುಗಳ ಮೇಲೆ ಸಾಬೂನು ನೀರು ಬಳಿದರೆ ಥ್ರಾಟಲ್ ಹತ್ತಿರದ ಒಂದು ಕ್ಲ್ಯಾಂಪಿನಡಿ ನೊರೆ ಎದ್ದಿತು. ಕ್ಲ್ಯಾಂಪ್ ಬದಲಿಸಿದ ಮೇಲೆ ಮತ್ತೆ ರೋಲರ್: 0.5 ಬಾರಿನಲ್ಲಿ ಗೆರೆ ನೇರ, ಏಟೂ ಇಲ್ಲ, ತಡೆಯೂ ಇಲ್ಲ.

ಪವರ್: 0.7 ಬಾರ್‌ಗೆ ನಿಲ್ಲಿಸಿದ್ದು ಏಕೆ

ಕಂಪನಿ ಟರ್ಬೊದ ಎಕ್ಸಾಸ್ಟ್ ಕಡೆಯ ಚಕ್ರ ಸೆರಾಮಿಕ್. ಹಗುರವಾದ್ದರಿಂದ ಬೇಗ ತಿರುಗುತ್ತದೆ, ಊರೊಳಗೆ ಓಡಿಸಲು ಹಿತ. ಆದರೆ ಬೂಸ್ಟ್ 0.8 ದಾಟಿ ಬಿಸಿಯೂ ವೇಗವೂ ಏರಿದರೆ ಚಕ್ರ ಶಾಫ್ಟಿನಿಂದ ಕಿತ್ತು ಬರಬಹುದು. ಹೆಚ್ಚಿನ ಚೂರುಗಳು ಎಕ್ಸಾಸ್ಟಿಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಸ್ಟಿನ ದಾರಿ ಮುಚ್ಚುತ್ತವೆ. ಟ್ರ್ಯಾಕಿಗೆ ಹೋಗಿ ಬರುವ ಕಾರಿನಲ್ಲಿ ಈ ಅಪಾಯ ಒಪ್ಪಿಕೊಳ್ಳಬಹುದು. ಬೆಳಿಗ್ಗೆ ಎಂಟಕ್ಕೆ ಎಂ4ರಲ್ಲಿ ಇರಬೇಕಾದ ಕಾರಿನಲ್ಲಿ 0.7 ಬಾರ್, ಅಂದರೆ 10 ಪಿಎಸ್‌ಐ, ಮಿತಿ. ಮಾಲೀಕರಿಗೆ ಇದು ಮೊದಲು ರುಚಿಸಲಿಲ್ಲ, ಆದರೆ ಉಕ್ಕಿನ ಚಕ್ರದ ಟರ್ಬೊ ಹಾಕುವವರೆಗೆ ಬೇರೆ ಸಲಹೆ ಕೊಡಲು ಬರುವುದಿಲ್ಲ.

ಹಾಕಿದ್ದು ಇಷ್ಟು. ಕ್ಯಾಟಲಿಸ್ಟಿನಿಂದ ಹಿಂದಕ್ಕೆ 3 ಇಂಚಿನ ಎಕ್ಸಾಸ್ಟ್, ಎರಡು ಸೈಲೆನ್ಸರಿನೊಂದಿಗೆ. ಒಂದೇ ಇದ್ದರೆ ಮೋಟರ್‌ವೇ ವೇಗದಲ್ಲಿ ಒಳಗೆ ಗುಂಯ್ ಎನ್ನುವ ಸದ್ದಿಗೆ ತಲೆನೋವು ಬರುತ್ತದೆ. 200 ಸೆಲ್ ಸ್ಪೋರ್ಟ್ಸ್ ಕ್ಯಾಟಲಿಸ್ಟ್. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸಲು ಬಂಪರಿನ ಮೂಲೆಯಲ್ಲಿದ್ದ ಚಿಕ್ಕ ಇಂಟರ್‌ಕೂಲರಿನ ಬದಲು ಮುಂದೆ ಕೂರುವ ದೊಡ್ಡದು, ಹಳೆ ಪೈಪಿನ ದಾರಿಯಲ್ಲೇ ಹೋಗುವಂಥದ್ದು, ಬಾಡಿಗೆ ಹೊಸ ತೂತು ಕೊರೆಯದೆ. ಟ್ಯಾಂಕಿನೊಳಗೆ ಗಂಟೆಗೆ 255 ಲೀಟರಿನ ವಾಲ್‌ಬ್ರೋ ಪಂಪ್, ಬ್ಯಾಟರಿಯಿಂದ ನೇರ ರಿಲೇ ಮತ್ತು 20 ಆಂಪಿಯರ್ ಫ್ಯೂಸ್. ಈ ಕಾರಿನಲ್ಲಿ ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ವೈರು ಎರಡು ಮೀಟರೂ ಬೇಕಾಗಲಿಲ್ಲ. ಕೊನೆಯದು, ಕಂಪನಿ ಕನೆಕ್ಟರಿಗೇ ಕೂರುವ ಪ್ಲಗ್-ಇನ್ ಇಸಿಯು. ಇಂಜೆಕ್ಟರುಗಳು ಕಂಪನಿಯ 370 ಸಿಸಿಯವೇ, ವ್ಯಾಕ್ಯೂಮ್ ಪೈಪ್ ಕಳಚಿದಾಗ ಇಂಧನ ಒತ್ತಡ 3 ಬಾರ್.

ಟ್ಯೂನಿಂಗ್ ಮಾಡಿದ್ದು 99 ಆಕ್ಟೇನ್ ಪೆಟ್ರೋಲಿನಲ್ಲಿ. ಜಪಾನಿನಲ್ಲಿ ಈ ಕಾರಿಗೆ ಸಿಗುತ್ತಿದ್ದದ್ದು 100 ಆಕ್ಟೇನ್. ಬ್ರಿಟನ್ನಿನ ಮಾಮೂಲಿ ಪೆಟ್ರೋಲ್ 95, ಅದೂ 2021ರ ಸೆಪ್ಟೆಂಬರಿನಿಂದ 10%ವರೆಗೆ ಎಥೆನಾಲ್ ಇರುವ ಇ10. ಟ್ಯೂನಿಂಗ್ ಮಾಡದ ಕಾರಿಗೂ 95 ಹಾಕಿದರೆ ಬೂಸ್ಟಿನಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿಯುವ ನಾಕಿಂಗ್ ಬರುತ್ತದೆ, ಹಳೆ ರಬ್ಬರ್ ಪೈಪುಗಳಿಗೂ ಎಥೆನಾಲ್ ಆಗಿಬರುವುದಿಲ್ಲ. ಬಾನೆಟ್ ಒಳಗಿನ ಪೆಟ್ರೋಲ್ ಪೈಪುಗಳೆಲ್ಲ ಹೊಸವಾದವು. ಪೂರ್ತಿ ಬೂಸ್ಟಿನಲ್ಲಿ ಗಾಳಿ-ಇಂಧನ ಅನುಪಾತ 11.6ರ ಸುತ್ತ, ಟೈಮಿಂಗ್ ನಾಕ್ ಬರುವ ಗಡಿಯಿಂದ ಎರಡು ಡಿಗ್ರಿ ಹಿಂದೆ. ರೋಲರ್ ಮೇಲೆ ಹಿಂಚಕ್ರದಲ್ಲಿ ಸಿಕ್ಕಿದ್ದು 220 ಅಶ್ವಶಕ್ತಿ. ಅಂಕಿಗಿಂತ ಮುಖ್ಯವಾಗಿ, 3,000ದಿಂದಲೇ ಎಳೆತ ಸಮವಾಗಿ ಬರುತ್ತದೆ.

ದೊಡ್ಡ ಇಂಟರ್‌ಕೂಲರ್ ಹಾಕಿದ ಮೇಲೆ ಬಂದ ತೊಂದರೆಯನ್ನು ಹೇಳಲೇಬೇಕು. ಊರೊಳಗೆ ಸರಿಯಿದ್ದ ನೀರಿನ ಉಷ್ಣತೆ 70 ಮೈಲಿ ವೇಗದಲ್ಲಿ ಏರತೊಡಗಿತು. ರೇಡಿಯೇಟರ್ ಚೆನ್ನಾಗಿತ್ತು. ಇಲ್ಲದೆ ಹೋದದ್ದು ಬಂಪರಿನಡಿಯ ಪ್ಲಾಸ್ಟಿಕ್ ತಟ್ಟೆ, ಹಿಂದೆ ಯಾರೋ ಬಿಚ್ಚಿ ಎಸೆದಿದ್ದರು. ಅದಿಲ್ಲದಾಗ ಬಂಪರಿನಿಂದ ಒಳಬಂದ ಗಾಳಿ ಇಂಟರ್‌ಕೂಲರ್, ರೇಡಿಯೇಟರ್ ಎರಡನ್ನೂ ದಾಟುವ ಬದಲು ಕೆಳಗಿನಿಂದ ಜಾರಿಹೋಗುತ್ತದೆ. ಅಲ್ಯುಮಿನಿಯಂ ಹಾಳೆಯಲ್ಲಿ ತಟ್ಟೆ ಮಾಡಿಸಿ, ರೇಡಿಯೇಟರಿನ ಎರಡು ಬದಿಯ ಸಂದಿಗೆ ಫೋಮ್ ತುಂಬಿದ ಮೇಲೆ ಮುಳ್ಳು ಮತ್ತೆ ತನ್ನ ಜಾಗಕ್ಕೆ ಬಂತು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನೂ ಎಂದಿಗೂ ತೆಗೆಯಬಾರದು.

ಕೆಳಗಿನ ಭಾಗ

ಜಪಾನಿನಿಂದಲೇ ಬಂದಿದ್ದ, ಕಾಲರ್ ತಿರುಗಿಸಿ ಎತ್ತರ ಹೊಂದಿಸುವ ಕಾಯಿಲ್‌ಓವರ್ ಸಸ್ಪೆನ್ಷನ್ ಮುಂದೆ 8, ಹಿಂದೆ 6 ಕೆಜಿ/ಮಿಮೀ ಸ್ಪ್ರಿಂಗಿನದು. ನುಣುಪು ಟ್ರ್ಯಾಕಿಗೆ ಸರಿ, ಬರ್ಕ್‌ಷೈರ್ ರಸ್ತೆಯ ಗುಂಡಿಗೆ ಅಲ್ಲ. ಗಟ್ಟಿ ಸ್ಪ್ರಿಂಗಿನಲ್ಲಿ ಟೈರು ನೆಲ ಬಿಟ್ಟು ಪುಟಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಚಕ್ರದ ಕಾರಿಗೆ ಅದು ಅಪಾಯ. 5 ಮತ್ತು 4 ಕೆಜಿ/ಮಿಮೀಗೆ ಇಳಿಸಿ, ಎತ್ತರವನ್ನು ಕಂಪನಿಗಿಂತ 25 ಮಿಮೀ ಮಾತ್ರ ಕಡಿಮೆ ಮಾಡಲಾಯಿತು. ಕಾಲರಿನ ಥ್ರೆಡ್ಡಿಗೆ ಗ್ರೀಸ್ ಹಚ್ಚದಿದ್ದರೆ ಒಂದು ಚಳಿಗಾಲಕ್ಕೇ ಉಪ್ಪಿಗೆ ಹಿಡಿದುಕೊಂಡು ತಿರುಗುವುದಿಲ್ಲ.

ಟೈರು 205/55 ಆರ್16ರ ಬದಲು 225/45 ಆರ್17. ಹೊರವ್ಯಾಸ ಮೊದಲು 632 ಮಿಮೀ, ಈಗ 634, ಸ್ಪೀಡೋ ಲೆಕ್ಕ ತಪ್ಪುವುದಿಲ್ಲ. ಕಾರಿನೊಡನೆ ಬಂದ ಟೈರುಗಳ ಟ್ರೆಡ್ ಸವೆದಿರಲಿಲ್ಲ, ಆದರೆ ಪಕ್ಕದ ನಾಲ್ಕಂಕಿಯ ತಾರೀಕು ನೋಡಿದರೆ ಒಂಬತ್ತು ವರ್ಷ ಹಳೆಯವು. ಅವನ್ನು ಮೊದಲ ದಿನವೇ ತೆಗೆದುಹಾಕಬೇಕಿತ್ತು.

ಎಂಒಟಿ ಫೇಲಾದದ್ದು

ಇಷ್ಟೆಲ್ಲ ಆದ ಮೇಲೂ ಮುಂದಿನ ಎಂಒಟಿಯಲ್ಲಿ ಕಾರು ಎರಡು ಕಾರಣಕ್ಕೆ ಬಿತ್ತು. ಒಂದು, ಹಿಂಚಕ್ರಗಳನ್ನೂ ಸ್ವಲ್ಪ ತಿರುಗಿಸುವ ಹೈಕಾಸ್ ವ್ಯವಸ್ಥೆಯ ಬಾಲ್ ಜಾಯಿಂಟಿನಲ್ಲಿ ಆಟ. ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಟಕ್ ಎನ್ನುತ್ತಿತ್ತು, ಮೋಟರ್‌ವೇಯಲ್ಲಿ ಲೇನ್ ಬದಲಿಸುವಾಗ ಹಿಂಭಾಗ ತೇಲಿದಂತಾಗುತ್ತಿದ್ದದ್ದೂ ಅದರಿಂದಲೇ. ಹೈಕಾಸ್ ರ್‍ಯಾಕ್ ತೆಗೆದು, ಹಿಂಚಕ್ರ ತಿರುಗದಂತೆ ಹಿಡಿಯುವ ಲಾಕ್ ಬಾರ್ ಹಾಕಿ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಲಾಯಿತು. ಹೈಕಾಸಿನ ಕಂಪ್ಯೂಟರನ್ನು ಮಾತ್ರ ಕೀಳಬಾರದು, ಪವರ್ ಸ್ಟಿಯರಿಂಗಿನ ಹಗುರತನವನ್ನು ನೋಡಿಕೊಳ್ಳುವುದೂ ಅದೇ.

ಇನ್ನೊಂದು ಹೊಗೆ. 2,500ರಿಂದ 3,000 ಆರ್‌ಪಿಎಮ್‌ನಲ್ಲಿ ಇಂಗಾಲದ ಮಾನಾಕ್ಸೈಡ್ 0.2% ಒಳಗೆ, ಹೈಡ್ರೋಕಾರ್ಬನ್ 200 ಪಿಪಿಎಂ ಒಳಗೆ, ಗಾಳಿ-ಇಂಧನ ಸಮತೋಲ ತೋರಿಸುವ ಲ್ಯಾಂಬ್ಡಾ (1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.97 ಮತ್ತು 1.03ರ ನಡುವೆ ಇರಬೇಕು. ಈ ಕಾರು 0.6% ತೋರಿಸಿತು. ಕ್ಯಾಟಲಿಸ್ಟನ್ನು ದೂರುವ ಮೊದಲು ಲ್ಯಾಂಬ್ಡಾ ನೋಡಬೇಕು: ಅದು 0.95 ಇತ್ತು, ಅಂದರೆ ಎಂಜಿನ್ನಿಗೇ ಪೆಟ್ರೋಲ್ ಹೆಚ್ಚಾಗಿತ್ತು. ಹಳೆಯ ಆಕ್ಸಿಜನ್ ಸೆನ್ಸರ್ ಮಂದವಾಗಿತ್ತು, ಹೊಸ ಇಸಿಯು ಅದನ್ನೇ ನಂಬಿ ತಿದ್ದುತ್ತಿತ್ತು. ಸೆನ್ಸರ್ ಬದಲಿಸಿ, 20 ನಿಮಿಷ ಮೋಟರ್‌ವೇಯಲ್ಲಿ ಓಡಿಸಿ ಕ್ಯಾಟಲಿಸ್ಟ್ ಕಾದಿರುವಾಗಲೇ ಪರೀಕ್ಷೆಗೆ ಒಯ್ದಾಗ 0.08% ಬಂತು. ಕ್ಯಾಟಲಿಸ್ಟ್ ತೆಗೆದು ಬರೀ ಪೈಪು ಹಾಕಿದ್ದರೆ ಅದೊಂದೇ ಕಾರಣಕ್ಕೆ ಫೇಲ್.

ವಿಮೆಯವರಿಗೆ ಬದಲಾವಣೆಗಳನ್ನೆಲ್ಲ ಬರೆದು ತಿಳಿಸಲಾಗಿದೆ: ಟೈರು, ಸಸ್ಪೆನ್ಷನ್, ಲಾಕ್ ಬಾರ್, ಇಸಿಯು, ರೋಲರಿನ ಕಾಗದ ಸಮೇತ. ಒಂದನ್ನು ಮುಚ್ಚಿಟ್ಟರೂ ಅಪಘಾತದ ದಿನ ಪಾಲಿಸಿ ಕೈಕೊಡಬಹುದು. ಕಳ್ಳರ ಕಣ್ಣು ಹೆಚ್ಚಿರುವ ಕಾರಾದ್ದರಿಂದ ವಿಮೆಯವರು ಒಪ್ಪುವ ಥ್ಯಾಚಮ್ ಸಂಸ್ಥೆಯ ಮಾನ್ಯತೆಯ ಇಮೊಬಿಲೈಸರ್ ಮತ್ತು ಟ್ರ್ಯಾಕರ್ ಕೂಡ ಇವೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಕರೆತರಲು ಹೀತ್ರೋಗೆ ಹೋದರೆ 12.50 ಪೌಂಡ್ ತೆರಬೇಕು. 2023ರ ಆಗಸ್ಟ್ 29ರಿಂದ ಆ ವಿಮಾನ ನಿಲ್ದಾಣವೂ ಹೆಚ್ಚು ಹೊಗೆಯ ವಾಹನಗಳಿಗೆ ಶುಲ್ಕ ಹಾಕುವ ಲಂಡನ್ನಿನ ಯುಲೆಜ್ ವಲಯದೊಳಗೆ ಬರುತ್ತದೆ, ಈ ವಯಸ್ಸಿನ ಪೆಟ್ರೋಲ್ ಕಾರಿಗೆ ವಿನಾಯಿತಿ ಇಲ್ಲ.

ಈಗ ಕಾರು ಗ್ಯಾಲನ್ನಿಗೆ 24 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.5 ಕಿಮೀ ಕೊಡುತ್ತಿದೆ. 5,000 ಮೈಲಿಗೊಮ್ಮೆ 10ಡಬ್ಲ್ಯು-40 ಸಿಂಥೆಟಿಕ್ ಆಯಿಲ್ ಮತ್ತು ಫಿಲ್ಟರ್, 10,000ಕ್ಕೆ ಪ್ಲಗ್ಗು, ಪ್ರತಿ ಅಕ್ಟೋಬರಿನಲ್ಲಿ ಅಡಿಭಾಗ ತೊಳೆದು ಮೇಣ. ಡಿಕ್ಕಿಯಲ್ಲಿ ಒಂದು ಕಾಯಿಲ್, ಎರಡು ಪ್ಲಗ್ಗು, ಒಂದು ಮೀಟರ್ ವ್ಯಾಕ್ಯೂಮ್ ಪೈಪು, ನಾಲ್ಕು ಕ್ಲ್ಯಾಂಪ್, ಅವಕ್ಕೆ ಬೇಕಾದ ಪಾನಾಗಳು ಸದಾ ಇರುತ್ತವೆ. ಆಯಿಲ್ ಬದಲಿಸುವ ದಿನ ಟರ್ಬೊದ ಇನ್‌ಲೆಟ್ ಪೈಪ್ ತೆಗೆದು, ಎಂಜಿನ್ ತಣ್ಣಗಿರುವಾಗ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಬೇಕು. ಅಕ್ಕಪಕ್ಕ ಕೂದಲಷ್ಟು ಆಟ ಇರುವುದು ಸಹಜ. ಹಿಂದೆ ಮುಂದೆ ಚಲಿಸಿದರೆ, ಅಥವಾ ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಹೊಳಪು ಕಂಡರೆ, ಅಲ್ಲಿಗೆ ಆ ಟರ್ಬೊದ ಆಯಸ್ಸು ಮುಗಿಯಿತು, ಕಾರನ್ನು ಮನೆಗೆ ಟ್ರಕ್ಕಿನ ಮೇಲೆ ಒಯ್ಯಬೇಕು.